ಮಾಸ್ಟ್‌ನೊಳಗೆ ಸುತ್ತಿಕೊಳ್ಳುವ ಮೇನ್‌ಸೇಲ್: ಹಳೆ ದೋಣಿ ಕೊಳ್ಳುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಹುಡುಕುತ್ತಿದ್ದೀರಾ? ಅದರ ಮೇನ್‌ಸೇಲ್ (ಮುಖ್ಯ ಹಾಯಿ) ಮಾಸ್ಟ್‌ನೊಳಗೆ, ಅಂದರೆ ಹಾಯಿ ಕಟ್ಟುವ ಕಂಬದೊಳಗೆ, ಸುತ್ತಿಕೊಳ್ಳುವಂಥದ್ದಾ? ಹಾಗಿದ್ದರೆ ದಯವಿಟ್ಟು ಒಂದು ಮಾತು ಕೇಳಿ. ಗಾಳಿಯಿಲ್ಲದ ದಿನ, ದಡಕ್ಕೆ ಕಟ್ಟಿದ ದೋಣಿಯಲ್ಲಿ ಹಾಯಿ ಬಿಚ್ಚಿ ಸುತ್ತಿ ತೋರಿಸಿದರೆ ಅದನ್ನು ಪರೀಕ್ಷೆ ಅಂತ ಒಪ್ಪಬೇಡಿ. ಅಂಥ ದಿನ ಎಷ್ಟೇ ಸವೆದ ಹಾಯಿಯೂ ಸಲೀಸಾಗಿ ಒಳಗೆ ಹೋಗುತ್ತದೆ.

ನಮಗೆ ದೋಣಿ ಮಾರಿದವರು ತೋರಿಸಿದ್ದೂ ಹಾಗೆಯೇ. ಹಾಯಿ ಹೊಸದರ ಹಾಗೇ ಇದೆ, ಹೊಲಿಗೆಯೆಲ್ಲ ಈಚೆಗೆ ಮಾಡಿಸಿದ್ದು ಅಂದರು. ಎರಡೂ ಸುಳ್ಳು. ಅದು ಗೊತ್ತಾಗಿದ್ದು ದಡದಿಂದ ದೂರ, ಗಾಳಿ ಏರುತ್ತಿದ್ದಾಗ.

ಬೆಳಿಗ್ಗೆ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಇದ್ದ ಗಾಳಿ ಮಧ್ಯಾಹ್ನದ ಹೊತ್ತಿಗೆ 20 ದಾಟಿತು. ನಾನೂ ನನ್ನ ತಮ್ಮನೂ ಸೇರಿ ಹಾಯಿಯನ್ನು ಅರ್ಧಕ್ಕೆ ಸುತ್ತಿದೆವು. ಅಲ್ಲಿಯವರೆಗೆ ತೊಂದರೆಯಿಲ್ಲ. ಗಾಳಿ 30ಕ್ಕೆ ಹತ್ತಿರ ಬಂದಾಗ ಇನ್ನಷ್ಟು ಚಿಕ್ಕದು ಮಾಡೋಣ ಅಂತ ಎಳೆದರೆ ಹಗ್ಗ ಅಲ್ಲೇ ನಿಂತಿತು. ಸರಿ, ಸ್ವಲ್ಪ ಹೊರಗೆ ಬಿಡೋಣ ಅಂದರೆ ಅದೂ ಆಗಲಿಲ್ಲ. ಮಾಸ್ಟ್ ಹತ್ತಿರ ಹೋಗಿ ನೋಡಿದೆ. ನನ್ನ ತಲೆಗಿಂತ ಸ್ವಲ್ಪ ಮೇಲೆ, ಹಾಯಿ ಒಳಗೆ ಹೋಗುವ ಸೀಳಿನ ಬಾಯಲ್ಲಿ ಬಟ್ಟೆ ಮಡಚಿಕೊಂಡು ಸಿಕ್ಕಿಕೊಂಡಿತ್ತು. ಮೂರು ಪದರ ಒಟ್ಟಿಗೆ, ಬೆರಳು ತೂರದಷ್ಟು ಬಿಗಿ.

ಇಲ್ಲಿ ಅಪಾಯ ಯಾಕೆ ಜಾಸ್ತಿ ಅನ್ನುವುದು ಅರ್ಥವಾಗಬೇಕು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಮಾಮೂಲಿ ಮೇನ್‌ಸೇಲ್ ಆದರೆ ಹ್ಯಾಲ್ಯಾರ್ಡ್ (ಹಾಯಿಯನ್ನು ಮೇಲೇರಿಸುವ ಹಗ್ಗ) ಬಿಟ್ಟು ಹಾಯಿಯನ್ನು ಕೆಳಗಿಳಿಸಬಹುದು. ಇದರಲ್ಲಿ ಆ ದಾರಿಯೇ ಇಲ್ಲ. ಹಾಯಿ ಇಳಿಯಬೇಕಾದರೆ ಮೊದಲು ಪೂರ್ತಿ ಬಿಚ್ಚಿಕೊಳ್ಳಬೇಕು. ಅರ್ಧದಲ್ಲಿ ಸಿಕ್ಕಿಕೊಂಡರೆ ಒಳಗೂ ಹೋಗದು, ಹೊರಗೂ ಬಾರದು, ಕೆಳಗೂ ಇಳಿಯದು.

"ಸಿಕ್ಕಿಕೊಂಡರೆ ವಿಂಚ್‌ಗೆ ಹಾಕಿ ತಿರುಗಿಸಿ, ಬಂದೇ ಬರುತ್ತೆ" ಅಂತ ಮಾರಿದವರು ಹೇಳಿದ್ದರು. ವಿಂಚ್ ಅಂದರೆ ಹಗ್ಗ ಸುತ್ತಿ ಎಳೆಯುವ ಉರುಳೆ. ಹಗ್ಗ ಆಗಲೇ ಸರಳಿನ ಹಾಗೆ ಬಿಗಿದಿತ್ತು. ತಮ್ಮ ವಿಂಚ್ ಹಿಡಿಕೆ ಕೈಗೆ ತೆಗೆದುಕೊಂಡಾಗ ಬೇಡ ಅಂತ ತಡೆದೆ. ನೀವೂ ಯಾರಾದರೂ ಹೀಗಂದರೆ ಕೇಳಬೇಡಿ. ವಿಂಚ್‌ಗೆ, ಅದರಲ್ಲೂ ಕರೆಂಟಿನ ವಿಂಚ್‌ಗೆ, ಎದುರಿಗಿರುವುದು ಗಂಟೋ ಬಟ್ಟೆಯೋ ಗೊತ್ತಾಗುವುದಿಲ್ಲ. ಮಡಿಕೆ ಇನ್ನೂ ಬಿಗಿಯುತ್ತದೆ, ಇಲ್ಲವೇ ಹಾಯಿ ಹರಿಯುತ್ತದೆ.

ನಾವು ಎಂಜಿನ್ ಹಾಕಿ ದೋಣಿಯ ಮೂತಿಯನ್ನು ಹೆಚ್ಚುಕಡಿಮೆ ಗಾಳಿಯ ಎದುರಿಗೆ ತಿರುಗಿಸಿದೆವು. ಮೇನ್‌ಶೀಟ್, ಅಂದರೆ ಹಾಯಿಯನ್ನು ಬಿಗಿಹಿಡಿಯುವ ಹಗ್ಗ, ಸಡಿಲ ಬಿಟ್ಟೆವು. ಹಾಯಿಯ ಕೆಳ ಅಂಚಿನಲ್ಲಿರುವ ಅಡ್ಡ ಕಂಬವೇ ಬೂಮ್. ಅದರ ತುದಿಯನ್ನು ಮೇಲಿನಿಂದ ಹಿಡಿದಿರುವ ಟಾಪಿಂಗ್ ಲಿಫ್ಟ್ ಹಗ್ಗ ಎಳೆದು ಅದನ್ನು ಸ್ವಲ್ಪ ಮೇಲೆತ್ತಿದೆವು. ಆಮೇಲೆ ಕೈಯಲ್ಲೇ ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ. ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಹಾಯಿ ಪಟಪಟ ಬಡಿದುಕೊಳ್ಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕೊನೆಗೂ ಮಡಿಕೆ ಬಿಟ್ಟುಕೊಂಡಿತು. ಅಷ್ಟರಲ್ಲಿ ಹಿಂದಿನ ಅಂಚಿನ ಹೊಲಿಗೆ ಉದ್ದಕ್ಕೂ ಬಿಚ್ಚಿಹೋಗಿತ್ತು.

ಆಮೇಲೆ ಹಾಯಿ ಹೊಲಿಯುವವರ ಬಳಿ ಒಯ್ದೆವು. ಅವರು ಅದನ್ನು ನೆಲದ ಮೇಲೆ ಹಾಸಿ ಹೊಲಿಗೆಯ ಕೆಳಗೆ ಉಗುರು ತೂರಿಸಿ ಎತ್ತಿದರು. ದಾರ ಪಟ್ ಅಂತ ತುಂಡಾಯಿತು. ಇನ್ನೊಂದು ಕಡೆಯೂ ಅಷ್ಟೇ. ಬಿಸಿಲಿಗೆ ದಾರ ಸತ್ತಿದೆ, ಬಟ್ಟೆ ಹಿಗ್ಗಿದೆ ಅಂದರು. ಎರಡು ಅಂಚು ಹಿಡಿದು ಎಳೆದರೂ ನಡುವೆ ಚೀಲದಂಥ ಹೊಟ್ಟೆ ಹಾಗೇ ಉಳಿಯಿತು. ಆ ಹೆಚ್ಚುವರಿ ಬಟ್ಟೆಯೇ ಸುತ್ತುವಾಗ ಮಡಿಕೆಯಾಗುವುದು. ಮಾಸ್ಟ್‌ನೊಳಗಿನ ಜಾಗ ತುಂಬಾ ಕಡಿಮೆ. ಸುರುಳಿ ಸಡಿಲವಾಗಿ ದಪ್ಪಗಾದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಡೇಕ್ರಾನ್ (ಪಾಲಿಯೆಸ್ಟರ್ ಬಟ್ಟೆಯ) ಹಾಯಿ ಹರಿಯದೇ ಇದ್ದರೂ ಆಕಾರ ಮೊದಲೇ ಕಳೆದುಕೊಂಡಿರುತ್ತದೆ. ಬೇರೆ ದೋಣಿಯಲ್ಲಾದರೆ ಅಂಥ ಹಾಯಿಯಿಂದ ವೇಗ ಕಡಿಮೆಯಾಗುತ್ತದೆ, ದೋಣಿ ಜಾಸ್ತಿ ವಾಲುತ್ತದೆ. ಇದರಲ್ಲಿ ಸಿಕ್ಕಿಕೊಳ್ಳುವ ಭಯವೂ ಸೇರಿಕೊಳ್ಳುತ್ತದೆ.

ಹಾಗಂತ ಮಾಸ್ಟ್‌ನೊಳಗೆ ಸುತ್ತುವ ವ್ಯವಸ್ಥೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚಪ್ಪಟೆಯಾಗಿ ಕತ್ತರಿಸಿ ಹೊಲಿದ ಹೊಸ ಹಾಯಿ ಇದ್ದರೆ ಇಬ್ಬರೇ ಕೂತಲ್ಲಿಂದಲೇ ಹಾಯಿ ಚಿಕ್ಕದು ಮಾಡಬಹುದು. ಅಲೆಯಲ್ಲಿ ಕುಣಿಯುವ ದೋಣಿಯ ಮೇಲೆ ಮಾಸ್ಟ್‌ವರೆಗೆ ತೆವಳಿಕೊಂಡು ಹೋಗಬೇಕಿಲ್ಲ. ಅದು ಸಣ್ಣ ಅನುಕೂಲವಲ್ಲ. ಆದರೆ ಅಡ್ಡ ಬ್ಯಾಟನ್ (ಹಾಯಿಗೆ ಆಕಾರ ಕೊಡುವ ಗಟ್ಟಿ ಪಟ್ಟಿ) ಹಾಕಲು ಬರುವುದಿಲ್ಲ, ಹಾಗಾಗಿ ಹಿಂದಿನ ಅಂಚನ್ನು ಒಳಕ್ಕೆ ಬಾಗಿಸಿ ಕತ್ತರಿಸುತ್ತಾರೆ, ಹಾಯಿಯ ವಿಸ್ತಾರ ಕಡಿಮೆಯಾಗುತ್ತದೆ. ಮೇಲಿನಿಂದ ಕೆಳಕ್ಕೆ ನಿಲ್ಲುವ ಬ್ಯಾಟನ್ ಹಾಕಿಸಿ ಅದನ್ನು ಸರಿದೂಗಿಸುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಆ ಸೀಳಿನಲ್ಲಿ ಸಿಕ್ಕಿಕೊಳ್ಳಲು ಇನ್ನೊಂದು ವಸ್ತು ಯಾಕೆ ಬೇಕು, ಅಲ್ವಾ?

ನೋಡಲು ಹೋದಾಗ ಕನಿಷ್ಠ 15 ನಾಟ್ ಗಾಳಿಯಿರುವ ದಿನವೇ ಬೇಕು ಅಂತ ಹಟ ಹಿಡಿಯಿರಿ. ಹೊರಗೆ ಹೋಗಿ ಹಾಯಿ ಪೂರ್ತಿ ಬಿಚ್ಚಿಸಿ. ಅರ್ಧ ಸುತ್ತಿಸಿ, ಮತ್ತೆ ಬಿಚ್ಚಿಸಿ, ಪೂರ್ತಿ ಸುತ್ತಿಸಿ. ಸೀಳಿನ ಹತ್ತಿರವೇ ನಿಂತು ಬಟ್ಟೆ ಒಳಗೆ ಹೋಗುವುದನ್ನು ಕಣ್ಣಾರೆ ನೋಡಿ. ಒಂದೇ ಒಂದು ಓರೆ ಸುಕ್ಕು ಕಂಡರೂ ಯಾಕೆ ಅಂತ ಕೇಳಿ. ಕಾರಣ ಹಾಯಿಯೇ ಆಗಬೇಕಿಲ್ಲ. ಬೂಮ್ ತೀರಾ ಕೆಳಗಿದ್ದರೆ ಕೆಳ ಅಂಚು ಸಡಿಲವಾಗುತ್ತದೆ, ತೀರಾ ಮೇಲಿದ್ದರೆ ಹಿಂದಿನ ಅಂಚು ಸಡಿಲವಾಗುತ್ತದೆ. ಎರಡೂ ಸಮ ಬಿಗಿಯಲ್ಲಿರುವ ಎತ್ತರ ಸಿಕ್ಕಿದ ಮೇಲೆ ಟಾಪಿಂಗ್ ಲಿಫ್ಟ್ ಮೇಲೆ ಗುರುತು ಹಾಕಿಬಿಡಬೇಕು. ಹ್ಯಾಲ್ಯಾರ್ಡ್ ಸಡಿಲವಿದ್ದರೂ ಸುಕ್ಕು ಬೀಳುತ್ತದೆ. ಬ್ಯಾಕ್‌ಸ್ಟೇ (ಮಾಸ್ಟ್ ತುದಿಯಿಂದ ದೋಣಿಯ ಹಿಂಭಾಗಕ್ಕೆ ಕಟ್ಟಿದ ತಂತಿ) ಬಿಗಿದು ಮಾಸ್ಟ್ ಬಾಗಿದ್ದರೆ ಒಳಗಿನ ಸುತ್ತುವ ಕೊಳವೆ ಗೋಡೆಗೆ ಉಜ್ಜುತ್ತದೆ. ಸುತ್ತುವ ಮುಂಚೆ ಅದನ್ನು ಸಡಿಲಿಸಬೇಕು.

ಇನ್ನೊಂದು ವಿಷಯ ಮಾರುವವರು ಹೇಳುವುದೇ ಇಲ್ಲ. ಗಾಳಿ ಯಾವ ಮಗ್ಗುಲಿನಿಂದ ಬಂದಾಗ ಸುತ್ತುತ್ತೀರಿ ಅನ್ನುವುದೂ ಮುಖ್ಯ. ಸುರುಳಿ ತಿರುಗುವ ದಿಕ್ಕಿಗೆ ತಕ್ಕಂತೆ, ಒಂದು ಮಗ್ಗುಲಿನ ಗಾಳಿಯಲ್ಲಿ ಬಟ್ಟೆ ನೇರವಾಗಿ ಒಳಗೆ ಹೋಗುತ್ತದೆ. ಇನ್ನೊಂದರಲ್ಲಿ ಸೀಳಿನ ಅಂಚಿಗೆ ಉಜ್ಜಿಕೊಂಡು ಬಾಗಿ ಹೋಗುತ್ತದೆ. ಎರಡೂ ಕಡೆಯಿಂದ ಮಾಡಿ ನೋಡಿ, ಹಗ್ಗದ ಭಾರ ಕೈಗೇ ಗೊತ್ತಾಗುತ್ತದೆ. ಸುತ್ತುವಾಗ ಔಟ್‌ಹಾಲನ್ನು (ಹಾಯಿಯನ್ನು ಹೊರಕ್ಕೆಳೆಯುವ ಹಗ್ಗವನ್ನು) ಒಮ್ಮೆಲೇ ಬಿಡದೆ ಸ್ವಲ್ಪ ಬಿಗಿ ಇಟ್ಟುಕೊಂಡೇ ಬಿಡಬೇಕು. ಸುರುಳಿ ಗಟ್ಟಿಯಾಗಿ ಕೂರುವುದು ಆಗಲೇ.

ಬ್ಯಾಟನ್ ಇರುವ, ಕೆಳಗಿಳಿಸಿ ರೀಫ್ ಮಾಡುವ (ಅಂದರೆ ಹಂತಹಂತವಾಗಿ ಚಿಕ್ಕದು ಮಾಡುವ) ಮೇನ್‌ಸೇಲ್ ನೋಡುತ್ತಿದ್ದರೂ ಗಾಳಿಯಲ್ಲೇ ಇಳಿಸಿ ನೋಡಿ. ಬ್ಯಾಟನ್ ಒತ್ತಡಕ್ಕೆ ಹಾಯಿಯ ಸ್ಲೈಡುಗಳು (ಮಾಸ್ಟ್‌ನ ಟ್ರ್ಯಾಕಿನಲ್ಲಿ ಜಾರುವ ತುಂಡುಗಳು) ಅಲ್ಲೇ ಬಿಗಿದುಕೊಳ್ಳುವುದುಂಟು. ಮೂರನೇ ಹಂತದ ರೀಫ್ ಇದೆಯಾ, ಅದರ ಹಗ್ಗ ಪೋಣಿಸಿದೆಯಾ ನೋಡಿ. ಹ್ಯಾಲ್ಯಾರ್ಡ್ ಬಿಡುವ ಮುಂಚೆ ಬೂಮ್ ಅನ್ನು ಎತ್ತಿ ಹಿಡಿಯುವ ವ್ಯವಸ್ಥೆ ಸರಿಯಿದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಬೂಮ್ ಸೀದಾ ತಲೆ ಮೇಲೆ ಬೀಳುತ್ತದೆ.

ಹಾಯಿ ಯಾವ ವರ್ಷ ಹೊಲಿಸಿದ್ದು ಅಂತ ಕೇಳಿ, ಬಿಲ್ ತೋರಿಸಲು ಹೇಳಿ. ಉಗುರಿನಿಂದ ಹೊಲಿಗೆ ಎತ್ತಿ ನೋಡಿ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ಬಿಲ್ ಇಲ್ಲದಿದ್ದರೆ ಹಾಯಿ ಹಳೆಯದು ಅಂತಲೇ ಲೆಕ್ಕ. ಹೊಸ ಹಾಯಿಗೆ ಎಷ್ಟಾಗುತ್ತದೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ, ಅಷ್ಟನ್ನು ದೋಣಿಯ ಬೆಲೆಯಿಂದ ಕಳೆದು ಮಾತಾಡಿ. ಒಪ್ಪದಿದ್ದರೆ, ಇಲ್ಲವೇ ಗಾಳಿಯಿರುವ ದಿನ ಹೊರಗೆ ಕರೆದೊಯ್ಯಲು ನೆಪ ಹೇಳಿದರೆ, ಆ ದೋಣಿಯನ್ನು ಅಲ್ಲಿಗೇ ಬಿಟ್ಟು ಬೇರೆ ನೋಡಿ.