ಏಳು ಸೀಸನ್ ಎನ್‌ಆರ್‌ಎಲ್ ನೋಡಿದ ಮೇಲೆ: ಪ್ಯಾರಮಟ್ಟದಿಂದ ಒಬ್ಬ ಮೆಂಬರ್ ಬರೆದ ವಿಮರ್ಶೆ

ಸಿಡ್ನಿಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ಸೋಮವಾರ ಬಂದರೆ ಒಂದೇ ಪ್ರಶ್ನೆ: ನಿನ್ನ ಟೀಮ್ ಯಾವುದು? ಆರ್‌ಸಿಬಿ ಎಂದೆ. ಯಾರೂ ನಗಲಿಲ್ಲ, ಯಾರಿಗೂ ಅರ್ಥವೇ ಆಗಿರಲಿಲ್ಲ. ಅವರು ಕೇಳಿದ್ದು ರಗ್ಬಿ ಲೀಗ್ ಬಗ್ಗೆ, ಅಂದರೆ ಇಲ್ಲಿನ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್) ಬಗ್ಗೆ. ಮನೆ ಎಲ್ಲಿ ಎಂದರು. ವೆಂಟ್‌ವರ್ತ್‌ವಿಲ್ ಎಂದೆ. "ಹಾಗಾದರೆ ನೀನು ಈಲ್ಸ್" ಎಂದು ಅವರೇ ತೀರ್ಮಾನ ಮಾಡಿಬಿಟ್ಟರು. ಮನೆದೇವರು ಇದ್ದ ಹಾಗೆ ಇದು. ನಾವು ಆರಿಸಿಕೊಳ್ಳುವುದಲ್ಲ, ಬಂದದ್ದನ್ನು ಒಪ್ಪಿಕೊಳ್ಳುವುದು.

ಈಲ್ ಅಂದರೆ ಹಾವುಮೀನು, ಈಲ್ಸ್ ಅಂದರೆ ಸಿಡ್ನಿಯ ಪಶ್ಚಿಮಕ್ಕಿರುವ ನಮ್ಮ ಪ್ಯಾರಮಟ್ಟದ ಕ್ಲಬ್. ಪ್ಯಾರಮಟ್ಟ ಎಂಬ ಹೆಸರೇ ಇಲ್ಲಿನ ಮೂಲನಿವಾಸಿ ದಾರುಗ್ ಜನರ ಮಾತಿನಿಂದ ಬಂದದ್ದು, ಹಾವುಮೀನು ಸೇರುವ ಜಾಗ ಎಂದು. ಅದಕ್ಕೇ ಕ್ಲಬ್ಬಿಗೂ ಆ ಹೆಸರು. 2019ರಿಂದ 2025ರವರೆಗೆ ಏಳು ಸೀಸನ್ ಈ ಹಾವುಮೀನಿನ ಹಿಂದೆ ಓಡಾಡಿದ್ದೇನೆ. ಮೊದಲ ಮೂರು ವರ್ಷ ಟಿವಿ ಮತ್ತು ಆಪ್, 2022ರಿಂದ ಸ್ಟೇಡಿಯಂ ಮೆಂಬರ್‌ಶಿಪ್, ಅಂದರೆ ಇಡೀ ಸೀಸನ್ನಿನ ಹೋಮ್ ಪಂದ್ಯಗಳಿಗೆ ಸೀಟು. ದುಡ್ಡು ಕೊಟ್ಟು ಕೊಂಡ ವಸ್ತು ಅಂತಲೇ ಇಟ್ಟುಕೊಂಡು, ಒಂದು ಸೀಸನ್ ಹೇಗಿರುತ್ತದೆ ಎಂದು ಹೇಳುತ್ತೇನೆ.

ಏನು ಸಿಗುತ್ತದೆ? ಈಗ 17 ತಂಡ. ಮಾರ್ಚ್‌ನಲ್ಲಿ ಶುರು, ಅಕ್ಟೋಬರ್ ಮೊದಲ ಭಾನುವಾರ ಗ್ರ್ಯಾಂಡ್ ಫೈನಲ್. ನಡುವೆ 27 ರೌಂಡ್. ಒಂದೊಂದು ತಂಡಕ್ಕೆ 24 ಪಂದ್ಯ, ಉಳಿದ ಮೂರು ವಾರ ರಜೆ. ಪಂದ್ಯ 80 ನಿಮಿಷ. ಐಪಿಎಲ್ ಎರಡು ತಿಂಗಳಲ್ಲಿ ಮುಗಿಯುತ್ತದೆ ಅಲ್ವಾ, ಇದು ಹಾಗಲ್ಲ. ಇದು ಏಳು ತಿಂಗಳ ಸಂಸಾರ.

ಆಟ ಅರ್ಥವಾಗಲು ನನಗೆ ಎರಡು ವಾರವೂ ಬೇಕಾಗಲಿಲ್ಲ. ಕ್ರಿಕೆಟ್ ಗೊತ್ತಿದ್ದವರಿಗೆ ಒಂದೇ ಮಾತು ಸಾಕು: ಇಲ್ಲಿ ಚೆಂಡು ಕೈಗೆ ಬಂದರೆ ನಿಮಗೆ ಒಂದು ಓವರ್ ಸಿಕ್ಕಿದ ಹಾಗೆ. ಆರು ಟ್ಯಾಕಲ್. ಓಡಿದೆ, ಹಿಡಿದರು, ಕೆಡವಿದರು, ಒಂದು. ಎದ್ದು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಿದೆ, ಮತ್ತೊಬ್ಬ ಎತ್ತಿಕೊಂಡು ಓಡಿದ, ಎರಡು. ಆರನೆಯದಕ್ಕೂ ಕೆಡವಿದರೆ ಚೆಂಡು ಎದುರಾಳಿಗೆ. ಹಾಗಾಗಿ ಐದಾದ ಮೇಲೆ ಸಾಮಾನ್ಯವಾಗಿ ಒದೆಯುತ್ತಾರೆ, ಕೊನೆಯ ಬಾಲ್‌ಗೆ ಸಿಕ್ಸ್ ಎತ್ತುವ ಹಾಗೆ. ಪಾಸ್ ಮಾತ್ರ ಮುಂದಕ್ಕೆ ಕೊಡುವಂತಿಲ್ಲ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ನಾಲ್ಕು ಪಾಯಿಂಟ್. ಅದರ ಮೇಲೆ ಕಿಕ್ ಹೊಡೆದು ಕಂಬದ ನಡುವೆ ಕಳಿಸಿದರೆ ಇನ್ನೆರಡು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಪಕ್ಕದ ಸೀಟಿನವರು ಹೇಳಿಕೊಡುತ್ತಾರೆ. ಕೇಳದಿದ್ದರೂ ಹೇಳಿಕೊಡುತ್ತಾರೆ.

ದಾವಣಗೆರೆಯಿಂದ ಅಮ್ಮ ಬಂದಿದ್ದಾಗ ಹತ್ತು ನಿಮಿಷ ನೋಡಿ ಅಂದರು, "ಇದೇನಪ್ಪಾ, ಕಬಡ್ಡಿ ಆಡೋರ ಕೈಗೆ ಚೆಂಡು ಕೊಟ್ಟಂಗೈತಿ." ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಸೊಂಟ ಹಿಡಿಯುವುದು, ಕಾಲಿಗೆ ಬೀಳುವುದು, ಮೂರು ಜನ ಸೇರಿ ಒಬ್ಬನನ್ನು ಹಿಂದಕ್ಕೆ ಎಳೆಯುವುದು, ಎಲ್ಲ ಅದೇ. ಉಸಿರು ಹಿಡಿದುಕೊಳ್ಳುವುದು ಮಾತ್ರ ಇಲ್ಲಿ ನೋಡುವವರ ಕೆಲಸ.

ನಿಜವಾಗಿ ಹುಚ್ಚು ಹಿಡಿದದ್ದು 2020ರಲ್ಲಿ. ಮಾರ್ಚ್‌ನಲ್ಲಿ ಎರಡು ರೌಂಡ್ ಆಡಿಸಿ ಕೊರೊನಾಕ್ಕೆ ನಿಲ್ಲಿಸಿದರು. ಜಗತ್ತಿನಲ್ಲಿ ಬಹುತೇಕ ಆಟಗಳು ಬಾಗಿಲು ಹಾಕಿಕೊಂಡಿದ್ದಾಗ ಮೇ 28ಕ್ಕೆ ಇವರು ಮತ್ತೆ ಶುರು ಮಾಡಿದರು. ಮೊದಲ ಪಂದ್ಯವೇ ನಮ್ಮದು, ಬ್ರಿಸ್ಬೇನ್‌ನ ಖಾಲಿ ಸ್ಟೇಡಿಯಂನಲ್ಲಿ. ಅಲ್ಲಿನ ತಂಡ ಬ್ರಾಂಕೋಸ್ ವಿರುದ್ಧ 34-6ರಿಂದ ಗೆದ್ದೆವು. ವರ್ಕ್ ಫ್ರಂ ಹೋಮ್, ಊರಿಗೆ ಹೋಗುವಂತಿಲ್ಲ, ವಿಮಾನವಿಲ್ಲ. ಗುರುವಾರ ರಾತ್ರಿ ಎಂಟು ಗಂಟೆಗೆ ಏನೋ ಒಂದು ನಡೆಯುತ್ತದೆ ಎಂಬುದೇ ದೊಡ್ಡ ಸಮಾಧಾನವಾಗಿತ್ತು. 2021ರಲ್ಲಿ ಸಿಡ್ನಿ ಮತ್ತೆ ಲಾಕ್‌ಡೌನ್ ಆದಾಗ ಇಡೀ ಸ್ಪರ್ಧೆಯನ್ನೇ ಕ್ವೀನ್ಸ್‌ಲ್ಯಾಂಡ್‌ಗೆ ಎತ್ತಿಕೊಂಡು ಹೋದರು. ಗ್ರ್ಯಾಂಡ್ ಫೈನಲ್ ಕೂಡ ಬ್ರಿಸ್ಬೇನ್‌ನಲ್ಲೇ ಆಯಿತು. ಆದರೆ ಸೀಸನ್ ನಿಲ್ಲಲಿಲ್ಲ. ಸರ್ವಿಸ್ ಎಂದು ನೋಡಿದರೆ ಇದಕ್ಕೆ ಪೂರ್ತಿ ಅಂಕ.

ಈಗ ಮೆಂಬರ್‌ಶಿಪ್. ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಈ ವಸ್ತುವಿನ ತಿರುಳೇ ಇದು. ಪ್ಯಾರಮಟ್ಟದ ಸ್ಟೇಡಿಯಂ 2019ರಲ್ಲಿ ತೆರೆದದ್ದು, 30,000 ಸೀಟು. ಸ್ಟ್ಯಾಂಡ್ ಎಷ್ಟು ಕಡಿದಾಗಿದೆ ಎಂದರೆ ಮೇಲೆ ಕೂತರೂ ಆಟಗಾರರು ಕಾಲಬುಡದಲ್ಲೇ ಇದ್ದ ಹಾಗೆ ಕಾಣುತ್ತಾರೆ. ಟ್ಯಾಕಲ್‌ನ ಸದ್ದು ಕೇಳಿಸುತ್ತದೆ. ಟಿವಿಯಲ್ಲಿ ಈ ಸದ್ದು ಬರುವುದಿಲ್ಲ. ಮೊದಲ ಸಲ ಕೇಳಿದಾಗ ನನ್ನ ಹೆಂಡತಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಪ್ಯಾರಮಟ್ಟ ಸ್ಟೇಷನ್ನಿನಿಂದ ಚರ್ಚ್ ಸ್ಟ್ರೀಟ್ ಹಿಡಿದು ನಡೆದರೆ ಕಾಲು ಗಂಟೆ. ನೀಲಿ ಹಳದಿ ಜರ್ಸಿಯವರ ಸಾಲು ಹಿಂಬಾಲಿಸಿದರೆ ದಾರಿ ಕೇಳುವುದೇ ಬೇಡ. ಒಳಗೆ ಸಸ್ಯಾಹಾರಿಗಳಿಗೆ ಬಿಸಿ ಚಿಪ್ಸ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ. ನಾವು ಡಬ್ಬಿಯಲ್ಲಿ ಪುಳಿಯೋಗರೆ, ಒಮ್ಮೊಮ್ಮೆ ಒಗ್ಗರಣೆ ಮಂಡಕ್ಕಿ ಒಯ್ಯುತ್ತೇವೆ. ಹಾಫ್‌ಟೈಮ್‌ನಲ್ಲಿ ಮುಂದಿನ ಸಾಲಿನ ಲೆಬನಾನಿನ ಅಣ್ಣತಮ್ಮಂದಿರಿಗೂ ಒಂದಿಷ್ಟು ಹೋಗುತ್ತದೆ, ಅವರಿಂದ ಸೂರ್ಯಕಾಂತಿ ಬೀಜ ಬರುತ್ತದೆ. ಗೆದ್ದರೆ ಹ್ಯಾರಿಸ್ ಪಾರ್ಕಿಗೆ ಹೋಗಿ ದೋಸೆ. ಸೋತರೂ ದೋಸೆ, ಆದರೆ ಮಾತಿಲ್ಲ. ಜುಲೈ ರಾತ್ರಿಯ ಪಂದ್ಯಕ್ಕೆ ಸ್ವೆಟರ್ ಮರೆಯಬೇಡಿ.

ಒಂದು ಬೇಜಾರು: ಹೋಮ್ ಪಂದ್ಯ ಎಂದು ಎಣಿಸಿದ್ದರಲ್ಲಿ ಬಹುತೇಕ ವರ್ಷ ಒಂದನ್ನು ಡಾರ್ವಿನ್‌ಗೆ ಒಯ್ಯುತ್ತಾರೆ. ಅದು ಇಲ್ಲಿಂದ 3,000 ಕಿಲೋಮೀಟರಿಗಿಂತ ದೂರ. ದಾವಣಗೆರೆಯವನಿಗೆ ಟಿಕೆಟ್ ಮಾರಿ ದೆಹಲಿಯಲ್ಲಿ ಆಡಿಸಿದರೂ ಇದಕ್ಕಿಂತ ಹತ್ತಿರವೇ.

ಸೀಸನ್ನಿನ ದೊಡ್ಡ ದೋಷ ಮಧ್ಯದಲ್ಲಿದೆ. ಅದರ ಹೆಸರು ಸ್ಟೇಟ್ ಆಫ್ ಒರಿಜಿನ್. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ 1980ರಿಂದ ನಡೆದುಕೊಂಡು ಬಂದ ಜಗಳ, ಈಗ ವರ್ಷಕ್ಕೆ ಮೂರು ಪಂದ್ಯ. ಯಾವ ಕ್ಲಬ್ಬಿಗೆ ಆಡುತ್ತೀಯಾ ಎನ್ನುವುದು ಲೆಕ್ಕಕ್ಕಿಲ್ಲ, ಬೆಳೆದ ರಾಜ್ಯ ಯಾವುದು ಎನ್ನುವುದಷ್ಟೇ ಲೆಕ್ಕ. ಕ್ಲಬ್ಬಿನಲ್ಲಿ ಒಂದೇ ಜರ್ಸಿಯಲ್ಲಿ ಆಡುವವರು ಇಲ್ಲಿ ಒಬ್ಬರನ್ನೊಬ್ಬರು ನೆಲಕ್ಕೆ ಕುಕ್ಕುತ್ತಾರೆ. ಆಟವಾಗಿ ನೋಡಿದರೆ ಇದಕ್ಕಿಂತ ಮೇಲಿನದು ಈ ದೇಶದಲ್ಲಿಲ್ಲ. 2025ರಲ್ಲಿ ಮೊದಲನೆಯದನ್ನು ಗೆದ್ದದ್ದು ನಾವು, ಅಂದರೆ ನ್ಯೂ ಸೌತ್ ವೇಲ್ಸ್, ಎರಡನೆಯದು ಪರ್ತ್‌ನಲ್ಲಿ 26-24ರಿಂದ ಅವರು, ಮೂರನೆಯದು ನಮ್ಮ ಸಿಡ್ನಿಗೇ ಬಂದು ಮತ್ತೆ ಅವರು.

ಆದರೆ ಇದರ ಬೆಲೆ ಕೊಡುವವರು ಯಾರು? ಕ್ಲಬ್ ಮೆಂಬರ್‌ಗಳು. ಮೇ ಕೊನೆಯಿಂದ ಜುಲೈವರೆಗೆ ಒಳ್ಳೆಯ ಆಟಗಾರರು ಬಂದು ಹೋಗುತ್ತಿರುತ್ತಾರೆ, ರೌಂಡ್‌ಗಳು ಅರೆಬೆಂದಂತೆ ಇರುತ್ತವೆ. 2025ರಲ್ಲಿ ನಮ್ಮ ಹಾಫ್‌ಬ್ಯಾಕ್, ಅಂದರೆ ತಂಡದ ಆಟ ನಡೆಸುವವರು, ಮಿಚೆಲ್ ಮೋಸೆಸ್ ಎರಡನೇ ಪಂದ್ಯಕ್ಕೆ ಮೊದಲು ರಾಜ್ಯ ತಂಡದ ಕ್ಯಾಂಪಿನಲ್ಲೇ ಮೀನಖಂಡದ ಪೆಟ್ಟು ಮಾಡಿಕೊಂಡು ಹಲವು ವಾರ ಹೊರಗೆ ಕೂತರು. ಮದುವೆ ಅವರ ಮನೆಯದು, ಒಡೆದದ್ದು ನಮ್ಮ ಮನೆಯ ಪಾತ್ರೆ. ನಾನಾಗಿದ್ದರೆ ಆ ವಾರಗಳಲ್ಲಿ ಲೀಗನ್ನೇ ನಿಲ್ಲಿಸುತ್ತಿದ್ದೆ.

ತಂಡ 17 ಇರುವುದರಿಂದ ಪ್ರತಿ ರೌಂಡ್‌ನಲ್ಲೂ ಒಬ್ಬರಾದರೂ ಮನೆಯಲ್ಲಿ ಕೂರಬೇಕು. ಕೂತವರಿಗೆ ಎರಡು ಪಾಯಿಂಟ್, ಗೆದ್ದವರಿಗೂ ಎರಡೇ! ಎಲ್ಲರಿಗೂ ಅಷ್ಟೇ ರಜೆ ಸಿಗುವುದರಿಂದ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಆದರೂ ಜೂನ್‌ನಲ್ಲಿ ಪಾಯಿಂಟ್ ಪಟ್ಟಿ ನೋಡಿ ಯಾರು ಮೇಲೆ, ಯಾರು ಕೆಳಗೆ ಹೇಳಲು ಪಂಚಾಂಗ ಬೇಕು. 2027ಕ್ಕೆ ಪರ್ತ್, 2028ಕ್ಕೆ ಪಪುವಾ ನ್ಯೂಗಿನಿ ತಂಡ ಬರುತ್ತಿವೆ. ಪಪುವಾದಲ್ಲಿ ಇದು ರಾಷ್ಟ್ರೀಯ ಆಟವಿದ್ದ ಹಾಗೆ, ಅವರ ಜನ ಸ್ಟೇಡಿಯಂಗೆ ಬರುವುದನ್ನು ನೋಡಲು ಕಾಯುತ್ತಿದ್ದೇನೆ.

ಸಣ್ಣಪುಟ್ಟ ದೂರುಗಳನ್ನು ಬೇಗ ಮುಗಿಸುತ್ತೇನೆ. ವಿಡಿಯೋ ರೆಫರಿ ಕೂರುವ ಜಾಗಕ್ಕೆ ಬಂಕರ್ ಎನ್ನುತ್ತಾರೆ. ಒಂದೇ ದೃಶ್ಯವನ್ನು ಆರು ಕಡೆಯಿಂದ ನೋಡಿ ಕೊನೆಗೆ ಸ್ಟೇಡಿಯಂ ಪೂರ್ತಿ ಒಪ್ಪದ ತೀರ್ಪು ಕೊಡುವುದು ಅವರಿಗೆ ಅಭ್ಯಾಸ. ನಿಯಮಗಳನ್ನು ಆಗಾಗ ತಿದ್ದುತ್ತಲೇ ಇರುತ್ತಾರೆ. 2020ರಲ್ಲಿ 'ಸಿಕ್ಸ್ ಅಗೇನ್' ತಂದರು, ಅಂದರೆ ಎದುರಾಳಿ ತಪ್ಪು ಮಾಡಿದರೆ ಓವರ್ ಮತ್ತೆ ಮೊದಲಿನಿಂದ. ಆಟ ವೇಗವಾಯಿತು ನಿಜ, ಆದರೆ ಒಂದೇ ಕಡೆ ವಾಲುವ ಪಂದ್ಯವೂ ಜಾಸ್ತಿಯಾಯಿತು ಎಂದು ನನಗನ್ನಿಸುತ್ತದೆ. ಇನ್ನು ಟಿವಿಯಲ್ಲಿ ಬೆಟ್ಟಿಂಗ್ ಜಾಹೀರಾತು. ಒಂಬತ್ತು ವರ್ಷದ ಮಗ "ಅಪ್ಪಾ, ಮಲ್ಟಿ ಅಂದ್ರೇನು?" ಎಂದು (ಹಲವು ಬೆಟ್ ಒಟ್ಟಿಗೆ ಕಟ್ಟುವುದು) ಕೇಳಿದ ದಿನ ರಿಮೋಟ್ ಎಸೆಯಬೇಕು ಅನ್ನಿಸಿತ್ತು. ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದ ಒಂದು ಆಪ್, ಹೆಸರು ಬೇಡ, ಸೆಮಿಫೈನಲ್‌ನ ಕೊನೆಯ ಐದು ನಿಮಿಷ ಸುಮ್ನೆ ತಿರುಗುತ್ತಾ ಕೂತಿತ್ತು. ವಾರಕ್ಕೆ ಮೂರು ಪಂದ್ಯ, ಒರಿಜಿನ್, ಫೈನಲ್ಸ್ ಎಲ್ಲ ಉಚಿತ ಚಾನೆಲ್ಲಿನಲ್ಲೇ ಬರುತ್ತವೆ. ಮೊದಲ ವರ್ಷದವರಿಗೆ ಅದು ಧಾರಾಳ ಸಾಕು.

ತಲೆಯ ಪೆಟ್ಟಿನ ವಿಷಯ ಮಾತ್ರ ಸಣ್ಣಪುಟ್ಟದ್ದಲ್ಲ. ಪೆಟ್ಟು ಬಿದ್ದವನನ್ನು ಈಗ 15 ನಿಮಿಷ ಒಳಗೆ ಕರೆದೊಯ್ದು ಪರೀಕ್ಷಿಸುತ್ತಾರೆ. ಕನ್ಕಷನ್, ಅಂದರೆ ಮಿದುಳಿಗೆ ಪೆಟ್ಟು, ಖಚಿತವಾದರೆ ಸಾಮಾನ್ಯವಾಗಿ 11 ದಿನ ಆಡುವಂತಿಲ್ಲ. ಮೊದಲಿಗಿಂತ ಎಷ್ಟೋ ಮೇಲು. ಆದರೂ ಒಬ್ಬ ಹುಡುಗ ಎದ್ದು ನಿಂತು, ಕಾಲು ಸೋತು ಮತ್ತೆ ಕುಸಿದದ್ದನ್ನು ಇಪ್ಪತ್ತು ಮೀಟರ್ ದೂರದಿಂದ ನೋಡಿದ್ದೇನೆ. ಆವತ್ತು ಡಬ್ಬಿ ತೆರೆಯಲೇ ಇಲ್ಲ. ಮಗ ನಾನೂ ಆಡುತ್ತೇನೆ ಎಂದಾಗ ಮನೆಯಲ್ಲಿ ಎರಡು ದಿನ ಮಾತುಕತೆ ನಡೆಯಿತು. ಕೊನೆಗೆ ಓಜ್‌ಟ್ಯಾಗ್‌ಗೆ ಸೇರಿಸಿದೆವು. ಅದರಲ್ಲಿ ಕೆಡವುವುದಿಲ್ಲ, ಚಡ್ಡಿಗೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಟ್ಯಾಕಲ್. ದುಡ್ಡು ಕೊಟ್ಟು ನೋಡುವ ಆಟವನ್ನು ನನ್ನ ಮಗ ಆಡಬಾರದು ಎನ್ನುತ್ತೇನೆ. ಇದು ಸರಿಯಲ್ಲ ಎಂದು ನನಗೂ ಗೊತ್ತು.

ಇನ್ನು ನಮ್ಮ ತಂಡ. ಪ್ಯಾರಮಟ್ಟ ಕೊನೆಯ ಸಲ ಕಪ್ ಗೆದ್ದದ್ದು 1986ರಲ್ಲಿ. 2001ರಲ್ಲಿ, 2009ರಲ್ಲಿ, 2022ರಲ್ಲಿ ಗ್ರ್ಯಾಂಡ್ ಫೈನಲ್‌ವರೆಗೆ ಹೋಗಿ ಸೋತರು. 2022ರದ್ದು ನನ್ನ ಮೆಂಬರ್‌ಶಿಪ್‌ನ ಮೊದಲ ವರ್ಷ. ಪಕ್ಕದೂರಿನ ಪೆನ್ರಿತ್ 28-12ರಿಂದ ಹೊಡೆಯಿತು. ಪೆನ್ರಿತ್‌ನವರು 2021ರಿಂದ ಸತತ ನಾಲ್ಕು ಕಪ್ ಎತ್ತಿದರು. ಅತ್ತೆಯ ಮನೆ ಪಕ್ಕದಲ್ಲೇ ಇದ್ದ ಹಾಗೆ, ದಿನಾ ಕೇಳಿಸಿಕೊಳ್ಳಬೇಕು. 2024ರಲ್ಲಿ ಕೊನೆಯ ಸ್ಥಾನ ತಪ್ಪಿಸಿಕೊಳ್ಳಲು ಕೊನೆಯ ರೌಂಡ್‌ವರೆಗೆ ಕಾಯಬೇಕಾಯಿತು. ವೆಸ್ಟ್ಸ್ ಟೈಗರ್ಸ್ ವಿರುದ್ಧ 60-26. ಹದಿನೈದನೇ ಸ್ಥಾನಕ್ಕೆ ಅಷ್ಟು ಕುಣಿದದ್ದು ನಾವೇ ಇರಬೇಕು.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ನನ್ನ ಮಗ ಅವರನ್ನು ಅಜ್ಜ ಅಂತಲೇ ಕರೆಯುತ್ತಾನೆ, ಅವರೂ ಅದಕ್ಕೆ ಓಗೊಡುತ್ತಾರೆ. 1981ರಲ್ಲಿ ಈಲ್ಸ್ ಮೊದಲ ಕಪ್ ಗೆದ್ದ ರಾತ್ರಿ ಅಭಿಮಾನಿಗಳು ಖುಷಿಯಲ್ಲಿ ತಮ್ಮದೇ ಮೈದಾನ ಕಂಬರ್‌ಲ್ಯಾಂಡ್ ಓವಲ್‌ನ ಸ್ಟ್ಯಾಂಡಿಗೆ ಬೆಂಕಿ ಇಟ್ಟಿದ್ದರು. ಅಜ್ಜ ಅಲ್ಲಿದ್ದರಂತೆ. "ಬೆಂಕಿ ಹಚ್ಚಿದ್ದು ನಾನಲ್ಲ" ಎಂದು ನಾನು ಕೇಳುವ ಮೊದಲೇ ಹೇಳುತ್ತಾರೆ.

2025ರ ಜೂನ್‌ನಲ್ಲಿ ಆರ್‌ಸಿಬಿ ಗೆದ್ದಾಗ ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ನಾನು ಕಿರುಚಿದ್ದಕ್ಕೆ ಅಜ್ಜನ ಮನೆಯ ದೀಪ ಹತ್ತಿತು. ಬೇಲಿಯ ಹತ್ತಿರ ಬಂದು ಏನಾಯಿತು ಎಂದರು. 18 ವರ್ಷ ಆದ ಮೇಲೆ ಕಪ್ ಬಂತು ಎಂದೆ. "ಬರೀ ಹದಿನೆಂಟಾ?" ಎಂದು ಒಳಗೆ ಹೋಗಿ ಮಲಗಿಬಿಟ್ಟರು. ಬೆಂಗಳೂರಿನಿಂದ ಮರುದಿನ ಬಂದ ಕಾಲ್ತುಳಿತದ ಸುದ್ದಿ ಆ ಖುಷಿಯನ್ನೆಲ್ಲ ನುಂಗಿತು. ಸಂಜೆ ಅಜ್ಜ ಮತ್ತೆ ಬೇಲಿಯ ಹತ್ತಿರ ಬಂದರು, ಏನೂ ತಮಾಷೆ ಮಾಡಲಿಲ್ಲ.

2025ರ ಗ್ರ್ಯಾಂಡ್ ಫೈನಲ್ ಅವರ ಮನೆಯಲ್ಲೇ ನೋಡಿದೆವು. ಮೆಲ್ಬರ್ನ್ ಸ್ಟಾರ್ಮ್ ಅರ್ಧಕ್ಕೆ 22-12ರಿಂದ ಮುಂದಿತ್ತು. ಆಮೇಲೆ ಅವರಿಗೆ ಒಂದು ಪಾಯಿಂಟೂ ಸಿಗಲಿಲ್ಲ, ಬ್ರಿಸ್ಬೇನ್ 26-22ರಿಂದ ಗೆದ್ದಿತು, 2006ರ ನಂತರ ಮೊದಲ ಸಲ. ರೀಸ್ ವಾಲ್ಷ್ ಎಂಬ ಹುಡುಗ ಆಡಿದ ರೀತಿಗೆ ಅಜ್ಜ ಕುರ್ಚಿಯಿಂದ ಎರಡು ಸಲ ಎದ್ದರು, ಮೊಣಕಾಲು ನೋವಿದ್ದರೂ. ನಮ್ಮದು ಆ ಹೊತ್ತಿಗೆ ಹನ್ನೊಂದನೇ ಸ್ಥಾನದಲ್ಲಿ ಮುಗಿದಿತ್ತು.

ಅಂಕ ಕೊಡಿ ಎಂದರೆ ಐದಕ್ಕೆ ಮೂರೂವರೆ. ಮಾರ್ಚ್, ಏಪ್ರಿಲ್ ಚೆನ್ನ. ಜೂನ್, ಜುಲೈ ಸೆಕೆಂಡ್ ಹ್ಯಾಂಡ್ ಮಾಲು. ನಾಕೌಟ್ ಪಂದ್ಯಗಳ ಸೆಪ್ಟೆಂಬರ್‌ಗೆ ಐದಕ್ಕೆ ಆರು ಕೊಡಬೇಕು. ಊರಲ್ಲಿರುವವರು ನೋಡಬೇಕೆಂದರೆ ವಿದೇಶದವರಿಗಾಗಿಯೇ 'ವಾಚ್ ಎನ್‌ಆರ್‌ಎಲ್' ಎಂಬ ಆಪ್ ಇದೆ. ಇಲ್ಲಿನ ಚಳಿಗಾಲದಲ್ಲಿ ರಾತ್ರಿ ಪಂದ್ಯ ನಿಮಗೆ ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ಶುರುವಾಗುತ್ತದೆ. ಆಫೀಸಿನಲ್ಲಿ ಹೇಗೆ ನೋಡುತ್ತೀರೋ ಅದು ನಿಮಗೆ ಬಿಟ್ಟದ್ದು. ಸಿಡ್ನಿಯಲ್ಲೇ ಇದ್ದರೆ ಟಿವಿ ನೋಡಿ ತೀರ್ಮಾನಿಸಬೇಡಿ, ಒಂದು ಸಲ ಸ್ಟೇಡಿಯಂಗೆ ಬನ್ನಿ.

ಮೆಂಬರ್‌ಶಿಪ್ ರಿನ್ಯೂ ಮಾಡುವ ಸಂದೇಶ ಬಂದಾಗ ಹೆಂಡತಿ ಈ ಸಲವಾದರೂ ಬಿಡೋಣ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: ಅಜ್ಜನಿಗೂ ನಮ್ಮ ಸಾಲಿನಲ್ಲೇ, ಮೆಟ್ಟಿಲು ಕಡಿಮೆ ಇರುವ ಕಡೆ ಸೀಟು ಸಿಗುತ್ತದಾ?