ಕಲಬುರಗಿಯ ಅಂಗಳದಲ್ಲಿ ಗಾಲ್ಫ್ ಬಲೆ: ಒಂದು ಅಭ್ಯಾಸ ಸೆಟ್ಟಿನ ವಿಮರ್ಶೆ

ಕಲಬುರಗಿಯಲ್ಲಿದ್ದುಕೊಂಡು ಹವ್ಯಾಸಕ್ಕಾಗಿ ಗಾಲ್ಫ್ ಆಡುವ ನನಗೆ ಹದಿನೆಂಟು ಹೋಲುಗಳ (ಒಂದೊಂದಾಗಿ ಹದಿನೆಂಟು ಕುಳಿಗಳಿಗೆ ಚೆಂಡು ಹಾಕುವ) ಪೂರ್ಣ ರೌಂಡ್ ಎಂದರೆ ಹೈದರಾಬಾದಿನ ಪ್ರಯಾಣ, ಅಂದರೆ ಸುಮಾರು 220 ಕಿಲೋಮೀಟರ್ ರಸ್ತೆ. ಹೀಗಾಗಿ ಎರಡು ರೌಂಡುಗಳ ನಡುವಿನ ಅಭ್ಯಾಸವೆಲ್ಲ ಮನೆಯ ಅಂಗಳದಲ್ಲೇ ನಡೆಯಬೇಕು. ಅದಕ್ಕಾಗಿ ಆನ್‌ಲೈನಿನಲ್ಲಿ ತರಿಸಿಕೊಂಡ ಅಭ್ಯಾಸದ ಸೆಟ್ಟೊಂದನ್ನು ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ಬಳಸಿದ್ದೇನೆ. ಫೈಬರ್ ಕಡ್ಡಿಗಳ ಚೌಕಟ್ಟಿಗೆ ಬಿಗಿಯುವ ನೈಲಾನ್ ಬಲೆ, ಚೆಂಡಿಟ್ಟು ಹೊಡೆಯಲು ಕೃತಕ ಹುಲ್ಲಿನ ಚಿಕ್ಕ ಮ್ಯಾಟ್ ಮತ್ತು ಚೆಂಡನ್ನು ಕುಳಿಗೆ ಉರುಳಿಸುವುದನ್ನು ಅಭ್ಯಾಸ ಮಾಡಲು ಒಂಬತ್ತು ಅಡಿ ಉದ್ದದ ಪಟಿಂಗ್ ಮ್ಯಾಟ್ ಇದರಲ್ಲಿವೆ. ಇಂಥ ವಸ್ತುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಲೆಯ ಗಟ್ಟಿತನ, ಜೋಡಿಸಲು ಬೇಕಾಗುವ ಸಮಯ ಇವನ್ನೇ ಹೇಳುತ್ತಾರೆ. ನನಗೆ ಮುಖ್ಯವೆನಿಸಿದ ಪ್ರಶ್ನೆ ಬೇರೆ. ರೌಂಡಿನ ನಡುವೆ ಹೊಡೆತ ಕೈಕೊಡಲು ಶುರುವಾದಾಗ, ಅಂಗಳದಲ್ಲಿ ಕಲಿತದ್ದು ಅಲ್ಲಿಯೇ, ಆ ಗಳಿಗೆಯಲ್ಲಿಯೇ ನೆರವಿಗೆ ಬರುತ್ತದೆಯೇ?

ಬಲೆಯ ದೊಡ್ಡ ಕೊರತೆ ಎಲ್ಲರಿಗೂ ಕಾಣುವಂಥದ್ದು: ಚೆಂಡು ಎರಡು ಮೂರು ಮೀಟರು ಸಾಗುವಷ್ಟರಲ್ಲಿ ಬಲೆಗೆ ಬಡಿದು ಬೀಳುತ್ತದೆ, ಮುಂದೆ ಅದು ಎತ್ತ ಬಾಗುತ್ತಿತ್ತು, ಎಷ್ಟು ದೂರ ಹೋಗುತ್ತಿತ್ತು ಎಂಬುದು ತಿಳಿಯುವುದಿಲ್ಲ. ಆದರೆ ಚೆಂಡು ಮೊದಲು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ ನೋಡುತ್ತಿರುವ ದಿಕ್ಕು. ಅನಂತರ ಗಾಳಿಯಲ್ಲಿ ಅದು ಬಾಗುವುದು, ಆ ಮುಖಕ್ಕೂ ಸ್ವಿಂಗ್ (ಕ್ಲಬ್ಬನ್ನು ಬೀಸುವ ಚಲನೆ) ಸಾಗಿದ ದಾರಿಗೂ ಇರುವ ವ್ಯತ್ಯಾಸದಿಂದ. ಈ ಎರಡರಲ್ಲಿ ಮೊದಲನೆಯದನ್ನು ಬಲೆ ಸ್ಪಷ್ಟವಾಗಿ ತೋರಿಸುತ್ತದೆ. ಈ ಸೆಟ್ಟಿನ ಬಲೆಯ ಮಧ್ಯದಲ್ಲಿ ಹೊಲಿದಿರುವ ಬಣ್ಣದ ಗುರಿಯ ಎಡಕ್ಕೆ ಅಥವಾ ಬಲಕ್ಕೆ ಎಷ್ಟು ಅಂತರದಲ್ಲಿ ಚೆಂಡು ಬಡಿಯಿತು ಎಂಬುದನ್ನು ಗಮನಿಸಿದರೆ ಕ್ಲಬ್ಬಿನ ಮುಖದ ಬಗ್ಗೆ ತಕ್ಷಣ ಮಾಹಿತಿ ಸಿಗುತ್ತದೆ. ಚೆಂಡು ಮುಖದ ಯಾವ ಭಾಗಕ್ಕೆ ತಾಗಿತು ಎಂದು ತಿಳಿಯಲು ಐರನ್ನಿನ (ಲೋಹದ ಚಪ್ಪಟೆ ತಲೆಯ ಕ್ಲಬ್ಬಿನ) ಮುಖಕ್ಕೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿದರೆ ಸಾಕು, ಗುರುತು ಅಚ್ಚೊತ್ತಿದಂತೆ ಮೂಡುತ್ತದೆ.

ನಾನು ಹೆಚ್ಚು ಸಮಯ ಕೊಟ್ಟದ್ದು ಈ ಗುರುತು ನೋಡುವುದಕ್ಕೆ ಅಲ್ಲ, ನೋಡುವ ಮೊದಲೇ ಅದನ್ನು ಊಹಿಸುವುದಕ್ಕೆ. ಚೆಂಡು ಕ್ಲಬ್ಬಿನ ಮುಖದ ತುದಿಗೆ ತಾಗಿದಾಗ ಹಿಡಿ ಕೈಯಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಕೆಳ ಅಂಚಿಗೆ ತಾಗಿದಾಗ ಬೆರಳುಗಳಲ್ಲಿ ಜುಮ್ಮೆನ್ನುತ್ತದೆ. ನಡುವಿಗೆ ತಾಗಿದಾಗ ಕೈಗೆ ಏನೂ ಅನ್ನಿಸುವುದೇ ಇಲ್ಲ, ಸದ್ದು ಮಾತ್ರ ತುಂಬಿದಂತೆ ಕೇಳುತ್ತದೆ. ಹೊಡೆದ ಕೂಡಲೇ ಮನಸ್ಸಿನಲ್ಲಿ ಉತ್ತರ ಹೇಳಿಕೊಂಡು, ಆಮೇಲೆ ಕ್ಲಬ್ಬನ್ನು ತಿರುಗಿಸಿ ನೋಡುವ ಈ ರೂಢಿಯಿಂದ ಊಹೆ ಮತ್ತು ಗುರುತು ಕ್ರಮೇಣ ಹೊಂದಿಕೊಳ್ಳುತ್ತವೆ. ಇದು ಅಗತ್ಯ, ಏಕೆಂದರೆ ರೌಂಡಿನಲ್ಲಿ ಇಂಥ ಹಲವು ನೆರವುಗಳಿಗೆ ನಿಯಮದ ಒಪ್ಪಿಗೆ ಇಲ್ಲ. ಹೊಡೆತದ ಮೇಲೆ ಪರಿಣಾಮ ಬೀರುವಂಥ ಪುಡಿಯನ್ನು ಕ್ಲಬ್ಬಿನ ತಲೆಗೆ ಹಚ್ಚಿಕೊಂಡು ಹೊಡೆಯುವಂತಿಲ್ಲ. ನೆಲದ ಮೇಲೆ ಕಡ್ಡಿಯನ್ನೋ ಇನ್ನೊಂದು ಕ್ಲಬ್ಬನ್ನೋ ಇಟ್ಟು ನಿಲುವನ್ನು ಸರಿಮಾಡಿಕೊಳ್ಳುವಂತಿಲ್ಲ. 2019ರಲ್ಲಿ ಪರಿಷ್ಕೃತವಾದ ನಿಯಮಗಳ ಪ್ರಕಾರ, ಆಟಗಾರ ನಿಲುವು ತೆಗೆದುಕೊಳ್ಳಲು ತೊಡಗಿದ ಮೇಲೆ ಅವನ ಚೀಲ ಹೊರುವ ಕ್ಯಾಡಿಯೂ ಚೆಂಡಿನ ಹಿಂದಿನ ನೇರದಲ್ಲಿ ನಿಂತು ದಿಕ್ಕು ನೋಡಿ ಹೇಳುವಂತಿಲ್ಲ. ಆಟಗಾರನಿಗೆ ಉಳಿಯುವುದು ಕೈಗೆ ತಿಳಿದದ್ದು ಮತ್ತು ಕಿವಿಗೆ ಕೇಳಿದ್ದು ಮಾತ್ರ.

ಗೋಲ್ಕೊಂಡಾ ಕೋಟೆಯ ನಯಾ ಕಿಲಾಕ್ಕೆ ಹೊಂದಿಕೊಂಡ ಹೈದರಾಬಾದ್ ಗಾಲ್ಫ್ ಕ್ಲಬ್ಬಿನ ಮೈದಾನದಲ್ಲಿ ಇದರ ಬೆಲೆ ನನಗೆ ಚೆನ್ನಾಗಿ ತಿಳಿಯಿತು. ಮೊದಲ ಕೆಲವು ಹೋಲುಗಳಲ್ಲಿ ಐರನ್ ಹೊಡೆತಗಳು ಒಂದಾದ ಮೇಲೊಂದು ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗದ) ಬಲಬದಿಗೆ ಬೀಳತೊಡಗಿದವು. ಕೈಗೆ ತಿರುಚಿದ ಅನುಭವ ಇರಲಿಲ್ಲ, ಸದ್ದು ತುಂಬಿದಂತೆಯೇ ಇತ್ತು; ಅಂದರೆ ಚೆಂಡು ನಡುವಿಗೇ ತಾಗುತ್ತಿದೆ, ಮುಖ ಮಾತ್ರ ತುಸು ತೆರೆದುಕೊಂಡಿದೆ (ಗುರಿಯ ಬಲಕ್ಕೆ ತಿರುಗಿದೆ) ಎಂದಾಯಿತು. ಹೀಗೆ ಕಾರಣ ಒಂದಕ್ಕೆ ಇಳಿದಾಗ ಮಾಡಬೇಕಾದ ಬದಲಾವಣೆಯೂ ಚಿಕ್ಕದಾಗುತ್ತದೆ. ಸ್ವಿಂಗಿಗೆ ಕೈಹಾಕುವ ಬದಲು ಹಿಡಿತವನ್ನೂ ಎರಡು ಪಾದಗಳ ನಡುವೆ ಚೆಂಡು ಇರುವ ಸ್ಥಾನವನ್ನೂ ಪರೀಕ್ಷಿಸಿದೆ. ಚೆಂಡು ವಾಡಿಕೆಗಿಂತ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಅದನ್ನು ಮುಂದಕ್ಕೆ ತಂದು, ಉಳಿದ ಅಂತರಕ್ಕಾಗಿ ಗುರಿಯನ್ನು ಗ್ರೀನಿನ ಎಡ ಅಂಚಿಗೆ ಬದಲಿಸಿಕೊಂಡು ಮುಂದುವರಿದೆ. ರೌಂಡಿನ ನಡುವೆ ಹೊಸ ಸ್ವಿಂಗ್ ಕಟ್ಟಲು ಹೊರಟವರ ಸ್ಕೋರು ಒಂದು ಹೋಲಿನಿಂದ ಇನ್ನೊಂದಕ್ಕೆ ಕೆಡುವುದನ್ನು ಮೈದಾನದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆ ದಿನ ಬಂದಿರುವ ಹೊಡೆತ ಯಾವುದೋ ಅದನ್ನೇ ಒಪ್ಪಿಕೊಂಡು ಗುರಿ ಹೊಂದಿಸುವುದು ಮೇಲು. ಸ್ವಿಂಗಿನ ದುರಸ್ತಿ ಊರಿಗೆ ಬಂದ ಮೇಲೆ ಬಲೆಯ ಮುಂದೆ ಆಗಲಿ. ಕೊನೆಯ ಹೋಲುಗಳಲ್ಲಿ ದೇಹ ದಣಿದು ಚೆಂಡು ಕೆಳ ಅಂಚಿಗೆ ತಾಗತೊಡಗಿದಾಗಲೂ ಇದೇ ಕ್ರಮ: ಒಂದು ಉದ್ದದ ಕ್ಲಬ್ಬನ್ನು ತೆಗೆದುಕೊಂಡು, ಹಿಡಿಯನ್ನು ಅರ್ಧ ಇಂಚು ಕೆಳಕ್ಕೆ ಹಿಡಿದು, ಮುಕ್ಕಾಲು ಸ್ವಿಂಗಿನಲ್ಲಿ ಹೊಡೆಯುವುದು. ಈ ಮುಕ್ಕಾಲು ಸ್ವಿಂಗನ್ನು ಅಂಗಳದಲ್ಲಿ ಬೇಕಾದಷ್ಟು ಸಲ ಮಾಡಿಟ್ಟುಕೊಂಡಿದ್ದರಿಂದ ಅದು ಅಲ್ಲಿ ಹೊಸದೆನಿಸಲಿಲ್ಲ.

ಇಳಿಜಾರಿನ ಹೊಡೆತಗಳ ವಿಷಯದಲ್ಲಿ ಮಾತ್ರ ಬಲೆಯಿಂದ ಏನೂ ಪ್ರಯೋಜನವಿಲ್ಲ. ಪಾದಗಳಿಗಿಂತ ಚೆಂಡು ಎತ್ತರದಲ್ಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಹೋಗುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಸಮತಟ್ಟಾದ ಅಂಗಳದಲ್ಲಿ ನಿಂತು ಇದನ್ನು ಕಲಿಯಲಾಗದು.

ಹೊಡೆಯುವ ಮ್ಯಾಟ್ ಈ ಸೆಟ್ಟಿನಲ್ಲಿ ಅತ್ಯಂತ ದುರ್ಬಲವಾದ ವಸ್ತು. ಅದರ ತಳದ ರಬ್ಬರ್ ತೀರಾ ತೆಳುವಾಗಿದೆ. ನಮ್ಮ ಕಡೆಯ ಬಹಳಷ್ಟು ಮನೆಗಳಂತೆ ನನ್ನ ಅಂಗಳಕ್ಕೂ ಶಹಾಬಾದ್ ಫರಸಿ ಹಾಸಿದೆ. ಆ ಕಲ್ಲಿನ ಮೇಲೆ ನೇರವಾಗಿ ಮ್ಯಾಟ್ ಇಟ್ಟು ಐರನ್ ಹೊಡೆದರೆ ಪೆಟ್ಟು ಮಣಿಕಟ್ಟಿನಿಂದ ಮೊಣಕೈವರೆಗೂ ಏರುತ್ತದೆ. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದ ಮೇಲೆ ಸಹನೀಯವಾಯಿತು, ಆದರೂ ಮಾರುವವರೇ ದಪ್ಪ ತಳ ಕೊಡಬೇಕಿತ್ತು. ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಚೆಂಡಿಗಿಂತ ಎರಡು ಬೆರಳು ಹಿಂದೆ ನೆಲಕ್ಕೆ ತಾಗಿದ ಕ್ಲಬ್ಬು ಕೃತಕ ಹುಲ್ಲಿನ ಮೇಲೆ ಜಾರಿ ಮುಂದೆ ಬಂದು ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಅದೇ ಹೊಡೆತ ನಿಜವಾದ ಫೇರ್‌ವೇಯಲ್ಲಿ (ಗ್ರೀನಿನತ್ತ ಸಾಗುವ ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ) ಮಣ್ಣು ಅಗೆದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಕೃತಕ ಹುಲ್ಲಿನ ಎಲ್ಲ ಮ್ಯಾಟುಗಳಿಗೂ ಬಹುಮಟ್ಟಿಗೆ ಇರುವ ದೋಷವಿದು. ಚೆಂಡಿನ ಹಿಂದೆ ನಾಲ್ಕು ಬೆರಳಿನಷ್ಟು ಅಂತರದಲ್ಲಿ ಮಡಿಚಿದ ಟವೆಲ್ ಇಟ್ಟು, ಅದಕ್ಕೆ ತಾಗದಂತೆ ಹೊಡೆಯುವುದನ್ನು ರೂಢಿಸಿಕೊಂಡರೆ ಮ್ಯಾಟ್ ಮರೆಮಾಡುವ ತಪ್ಪು ಬಯಲಾಗುತ್ತದೆ.

ಜೋಡಣೆ ಸುಲಭ, ಆ ಬಗ್ಗೆ ದೂರಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಬಲೆಯನ್ನು ದಿನವಿಡೀ ಹೊರಗೆ ಬಿಡಬಾರದು, ನೈಲಾನ್ ದಾರ ಬಿಸಿಲಿಗೆ ಬಿರುಸಾಗಿ ಹರಿಯುತ್ತದೆ. ಮಳೆಗಾಲದ ಗಾಳಿಗೆ ಚೌಕಟ್ಟು ಮಗುಚುತ್ತದೆ. ಕಾಲುಗಳ ಮೇಲೆ ಮರಳಿನ ಚೀಲಗಳನ್ನು ಹೇರಲೇಬೇಕು. ಬಲೆಗೆ ಪಕ್ಕದ ಪರದೆಗಳಿಲ್ಲ ಎಂಬುದು ಕೊಳ್ಳುವವರು ಗಮನಿಸಲೇಬೇಕಾದ ಸಂಗತಿ. ಕ್ಲಬ್ಬಿನ ತಲೆಯೂ ಕೋಲೂ ಸೇರುವ ಕಡೆ ತಾಗಿದ ಚೆಂಡು ಬಲಕ್ಕೆ ಸಿಡಿಯುತ್ತದೆ, 45 ಗ್ರಾಂಗಿಂತ ತುಸು ಹೆಚ್ಚಿನ ಆ ಗಟ್ಟಿ ಚೆಂಡು ಯಾರ ಕಣ್ಣಿಗಾದರೂ ಬಿದ್ದರೆ ಅನಾಹುತ. ಬಲಬದಿಗೆ ಗೋಡೆ ಇರುವ ಜಾಗ ಆರಿಸಿ, ಮಕ್ಕಳು ಓಡಾಡುವ ಹೊತ್ತಿನಲ್ಲಿ ಸ್ಪಂಜಿನ ಚೆಂಡುಗಳನ್ನೇ ಬಳಸಬೇಕು. ಮಾಳಿಗೆಯ ಮೇಲೆ ಇದನ್ನು ಕಟ್ಟುವುದನ್ನು ನಾನು ಯಾರಿಗೂ ಹೇಳಲಾರೆ.

ಇನ್ನು ಪಟಿಂಗ್ ಮ್ಯಾಟ್. ಪಾರ್ (ರೌಂಡಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ) 72 ಇರುವ ಮೈದಾನದಲ್ಲಿ ಹೋಲಿಗೆ ಎರಡರಂತೆ 36 ಹೊಡೆತಗಳನ್ನು, ಚೆಂಡನ್ನು ಕುಳಿಯತ್ತ ಉರುಳಿಸುವ ಕ್ಲಬ್ಬಾದ ಪಟ್ಟರಿಗೇ ಮೀಸಲಿಟ್ಟು ಪಾರ್ ಲೆಕ್ಕ ಹಾಕುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ತಮಗಿಂತ ಬಹುದೂರ ಡ್ರೈವ್ ಹೊಡೆಯುವವರ ನಡುವೆ ನಾಲ್ಕನೆಯ ಸ್ಥಾನ ಪಡೆದು, ಒಂದೇ ಹೊಡೆತದ ಅಂತರದಲ್ಲಿ ಪದಕದಿಂದ ದೂರ ಉಳಿದರು; ಅವರನ್ನು ಅಷ್ಟು ಎತ್ತರಕ್ಕೆ ಒಯ್ದದ್ದು ಪಟ್ಟರ್. ಕುಳಿಯ ವ್ಯಾಸ 108 ಮಿಲಿಮೀಟರ್. ಒಂಬತ್ತು ಅಡಿಯಿಂದ ಹೊಡೆಯುವಾಗ ಚೆಂಡು ಒಂದು ಡಿಗ್ರಿ ವಾರೆಯಾಗಿ ಹೊರಟರೆ ಕುಳಿಯ ನಡುವಿನಿಂದ ಸುಮಾರು 4.8 ಸೆಂಟಿಮೀಟರ್ ಆಚೆ ಸರಿದು ಅಂಚಿಗಷ್ಟೇ ತಾಗುತ್ತದೆ, ಎರಡು ಡಿಗ್ರಿಯಾದರೆ ಕುಳಿ ಸಿಗುವುದೇ ಇಲ್ಲ. ಮ್ಯಾಟಿನ ಮೇಲೆ ಎಳೆದಿರುವ ನೇರ ಗೆರೆ ಈ ಒಂದೊಂದು ಡಿಗ್ರಿಯನ್ನೂ ಕಣ್ಣಿಗೆ ಕಾಣಿಸುತ್ತದೆ, ಹಾಗಾಗಿ ಸೆಟ್ಟಿನಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಇದನ್ನೇ. ಫರಸಿಯ ಸಂದುಗಳ ಮೇಲೆ ಹಾಸಿದರೆ ಚೆಂಡು ವಾಲುವುದರಿಂದ ಒಳಮನೆಯ ನುಣುಪು ನೆಲವೇ ಸರಿ.

ಚೆಂಡು ತಾನಾಗಿ ಹಿಂದಿರುಗಲೆಂದು ಕುಳಿಯ ಬಳಿ ಮ್ಯಾಟನ್ನು ಎತ್ತರಿಸಿರುವುದು ನನಗೆ ಹಿಡಿಸಲಿಲ್ಲ. ಆ ಏರು ಹತ್ತಲೆಂದು ಬೇಕಾದುದಕ್ಕಿಂತ ಜೋರಾಗಿ ತಳ್ಳುವ ಅಭ್ಯಾಸ ಕೈಗೆ ಅಂಟುತ್ತದೆ, ಮೈದಾನದಲ್ಲಿ ಅದೇ ಜೋರು ಚೆಂಡನ್ನು ಕುಳಿ ದಾಟಿಸಿ ನಾಲ್ಕಡಿ ಮುಂದಕ್ಕೆ ಒಯ್ಯುತ್ತದೆ. ಏರಿನ ಭಾಗವನ್ನು ಬಿಟ್ಟು, ಅದರ ಮುಂಚೆ ನಾಣ್ಯವೊಂದನ್ನಿಟ್ಟು ಚೆಂಡು ಅದರ ಮೇಲೆ ಬಂದು ನಿಲ್ಲುವಂತೆ ಹೊಡೆಯುವುದು ಉತ್ತಮ. ಮ್ಯಾಟಿನ ವೇಗ ದಿನವೂ ಒಂದೇ. ಗ್ರೀನಿನ ವೇಗ ಹುಲ್ಲು ಕತ್ತರಿಸಿದ ಎತ್ತರ, ಬೆಳಗಿನ ಇಬ್ಬನಿ ಇವುಗಳಿಂದ ಬದಲಾಗುತ್ತಿರುತ್ತದೆ. ಆದ್ದರಿಂದ ರೌಂಡಿಗೆ ಮೊದಲು ಅಭ್ಯಾಸದ ಗ್ರೀನಿನಲ್ಲಿ ಮೂರು, ಆರು, ಒಂಬತ್ತು ಹೆಜ್ಜೆಗಳ ದೂರದಿಂದ ಚೆಂಡು ಉರುಳಿಸಿ, ಆ ದಿನಕ್ಕೆ ಪಟ್ಟರನ್ನು ಎಷ್ಟು ಹಿಂದಕ್ಕೆ ಎಳೆಯಬೇಕೆಂದು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಮಾರುವವರು ಈ ಮ್ಯಾಟನ್ನು ಬಿಡಿಯಾಗಿಯೂ ಕಳಿಸುತ್ತಾರೆ. ಅಂಗಳವಿಲ್ಲದ ಮನೆಯವರು ಇದೊಂದನ್ನೇ ತರಿಸಿಕೊಂಡು, ಉಳಿದ ಹಣವನ್ನು ಹೈದರಾಬಾದಿನ ಇನ್ನೊಂದು ರೌಂಡಿಗೆ ಎತ್ತಿಡುವುದು ಒಳ್ಳೆಯದು.