ನಾಲಿಗೆ ಬುಡದ ಟಾನ್ಸಿಲ್ ಇರುವವರಿಗೆ ಏರ್‌ಸೆನ್ಸ್ 10: ಮಲೆನಾಡಿನ ಮನೆಯಲ್ಲಿ ಬಳಸುವಾಗ

ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚದಂತೆ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಊದುವ ಯಂತ್ರಗಳಲ್ಲಿ ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಆಟೋಸೆಟ್ ಒಳ್ಳೆಯದು. ಆದರೆ ನಾಲಿಗೆಯ ಬುಡದಲ್ಲಿ ಟಾನ್ಸಿಲ್ ದಪ್ಪಗಾಗಿ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಯಂತ್ರದಷ್ಟೇ ಮಾಸ್ಕೂ ಮುಖ್ಯ. ಕೊಳ್ಳುವಾಗ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಗಂಟಲಿನ ಅಕ್ಕಪಕ್ಕದ ಟಾನ್ಸಿಲ್ ಬಾಯಿ ತೆರೆದರೆ ಕಾಣುತ್ತದೆ, ಬುಡದ್ದು ಕಾಣುವುದಿಲ್ಲ. ಚಿಕ್ಕಂದಿನಲ್ಲೇ ಟಾನ್ಸಿಲ್ ತೆಗೆಸಿಕೊಂಡವರಲ್ಲೂ ಇದು ಬೆಳೆಯಬಹುದು. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರುತ್ತದೆ, ಮೊದಲೇ ಕಿರಿದಾದ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ.

ಅಂಥವರಿಗೆ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಕಟ್ಟಿ ಪಟ್ಟಿ ಬಿಗಿದರೆ ಏನಾಗುತ್ತದೆ ನೋಡಿ. ಮಾಸ್ಕ್ ದವಡೆಯನ್ನು ಹಿಂದಕ್ಕೆ ಒತ್ತುತ್ತದೆ, ಜೊತೆಗೆ ನಾಲಿಗೆಯೂ ಹಿಂದೆ ಹೋಗುತ್ತದೆ. ದಾರಿ ತೆರೆಯಲು ಯಂತ್ರ ಒತ್ತಡ ಏರಿಸುತ್ತದೆ, ಅಂಚಿನಿಂದ ಗಾಳಿ ಸೋರುತ್ತದೆ, ಸೋರಿಕೆ ತಡೆಯಲು ಪಟ್ಟಿಯನ್ನು ಮತ್ತೆ ಬಿಗಿಯುತ್ತೇವೆ. ಮೂಗು ಕಟ್ಟದವರು ಮೊದಲು ಮೂಗಿನ ಮಾಸ್ಕನ್ನೇ ಕೇಳಿ. ಕುರ್ಚಿಯಲ್ಲಿ ಕೂತು ಅಳತೆ ನೋಡಬೇಡಿ. ಮಲಗಿ, ಯಂತ್ರದ ಗಾಳಿ ಹಾಯಿಸಿಕೊಂಡು, ಆ ಕಡೆ ಈ ಕಡೆ ಹೊರಳಿ ನೋಡಿ.

ಯಂತ್ರ ತಾನೇ ಏರಿಳಿಸುವ ಗಾಳಿಯ ಒತ್ತಡ 4ರಿಂದ 20 ಸೆಂ.ಮೀ. ನೀರಿನಷ್ಟು. ಇಡೀ ವ್ಯಾಪ್ತಿಯನ್ನು ಹಾಗೇ ತೆರೆದಿಟ್ಟು ಕೊಟ್ಟರೆ ಒಪ್ಪಬೇಡಿ. ದೊಡ್ಡವರಲ್ಲಿ ಹಲವರಿಗೆ 4ರಲ್ಲಿ ಉಸಿರೇ ಸಾಲದಂತೆ ಆಗುತ್ತದೆ. ನಿದ್ದೆ ಪರೀಕ್ಷೆಯ ವರದಿ ನೋಡಿ ವೈದ್ಯರೇ ಕೆಳಮಿತಿ, ಮೇಲ್ಮಿತಿ ಬರೆದುಕೊಡಬೇಕು.

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದ ತಂಪಿನಲ್ಲಿ ನಡುರಾತ್ರಿ ಟ್ಯೂಬಿನೊಳಗೆ ಗುಳುಗುಳು ಸದ್ದು ಬರುತ್ತದೆ, ಮೂಗಿಗೆ ತಣ್ಣನೆ ಹನಿ ಬೀಳುತ್ತದೆ. ಯಂತ್ರದ ತೊಟ್ಟಿಯ ನೀರು ಬಿಸಿಯಾಗಿ ಗಾಳಿಗೆ ತೇವ ಸೇರುತ್ತದೆ, ಆ ಬಿಸಿ ತೇವದ ಗಾಳಿ ತಣ್ಣನೆ ಟ್ಯೂಬಿನಲ್ಲಿ ನೀರಾಗುವುದೇ ಕಾರಣ. ಟ್ಯೂಬನ್ನು ಕಂಬಳಿಯೊಳಗೆ ಹಾಯಿಸಿ, ತೇವಾಂಶ ಒಂದು ಅಂಕಿ ಇಳಿಸಿ, ಯಂತ್ರವನ್ನು ತಲೆಗಿಂತ ತಗ್ಗಿನಲ್ಲಿಡಿ. ಬಿಸಿಯಾಗುವ ಟ್ಯೂಬಿಗೆ ಬೇರೆ ದುಡ್ಡು ಕೊಡಬೇಕು, ಈ ಸೀಮೆಯಲ್ಲಿ ಅದು ದಂಡವಲ್ಲ. ತೊಟ್ಟಿಗೆ ಡಿಸ್ಟಿಲ್ಡ್ ವಾಟರೇ ಹಾಕಿ. ಬೋರ್‌ವೆಲ್ ನೀರಾದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಕಾಫಿ ಒಣಹಾಕುವ ಕಾಲದಲ್ಲಿ ಕಣದ ಧೂಳಿಗೆ ಫಿಲ್ಟರ್ ಬೇಗ ಕಪ್ಪಾಗುತ್ತದೆ. ಅದನ್ನು ತೊಳೆಯಬಾರದು, ಬದಲಿಸಬೇಕು.

ಯಂತ್ರದೊಳಗೆ ಬ್ಯಾಟರಿ ಇಲ್ಲ, ಇದೇ ನಮ್ಮ ಕಡೆಗೆ ದೊಡ್ಡ ಕೊರತೆ. ಕರೆಂಟ್ ಹೋದರೆ ಗಾಳಿಯೂ ನಿಲ್ಲುತ್ತದೆ. ಇನ್ವರ್ಟರ್ ಇರಲೇಬೇಕು. ರಾತ್ರಿಯಿಡೀ ಅದರ ಮೇಲೇ ಓಡಿಸುವುದಾದರೆ ನೀರು ಬಿಸಿ ಮಾಡುವುದನ್ನು ನಿಲ್ಲಿಸಿ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಬೆಳಗ್ಗೆ ಪರದೆಯಲ್ಲಿ ಕಾಣುವ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಅಥವಾ ತಗ್ಗಿತು ಎಂಬ ಲೆಕ್ಕ, 5ಕ್ಕಿಂತ ಕಡಿಮೆ ಇರಬೇಕು. ಯಂತ್ರ ಇದನ್ನು ಗಾಳಿಯ ಹರಿವಿನಿಂದ ಅಂದಾಜಿಸುತ್ತದೆ, ರಕ್ತದ ಆಮ್ಲಜನಕ ಅಳೆಯುವುದಿಲ್ಲ. ಮಾಸ್ಕ್ ಸೋರದಿದ್ದರೂ ಅಂಕಿ ಇಳಿಯದಿದ್ದರೆ, ಒತ್ತಡ ಸದಾ ಮೇಲ್ಮಿತಿಯಲ್ಲೇ ನಿಂತಿದ್ದರೆ, ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯಂಥ ಕಡೆ ಇಎನ್‌ಟಿ ವೈದ್ಯರನ್ನು ಕಂಡು ಮೂಗಿನ ಮೂಲಕ ಎಂಡೋಸ್ಕೋಪಿ ಮಾಡಿ ನಾಲಿಗೆ ಬುಡ ನೋಡುವಂತೆ ಕೇಳಿ. ಹೋಗುವಾಗ ರಾತ್ರಿಗಳ ಲೆಕ್ಕ ದಾಖಲಾಗಿರುವ ಯಂತ್ರದ ಎಸ್‌ಡಿ ಕಾರ್ಡ್ ಜೊತೆಗಿರಲಿ.